ಮಾಸ್ಟರ್ ಹೋಗಿ ಮೇನ್ ಬಂತು

ಸಾಫ್ಟ್‌ವೇರಿನವರು ಮಾತು ಕಡಿಮೆ, ಜಗಳ ಆಡೋದಿಲ್ಲ ಎಂದು ನಂಬಿಕೊಂಡವರು ಇನ್ನೂ ಯಾರಾದರೂ ಇದ್ದರೆ ಅವರಿಗೆ ದೃಷ್ಟಿ ತೆಗೆಯಬೇಕು. ಕೋಡಿನಲ್ಲಿ ಜಾಗ ಬಿಡಲು ಟ್ಯಾಬೋ ಸ್ಪೇಸೋ, ಅದನ್ನು ಬರೆಯಲು ವಿಮ್ಮೋ ಇಮ್ಯಾಕ್ಸೋ ಎಂದು ತಲೆ ನರೆಯುವವರೆಗೂ ಕಚ್ಚಾಡಿದ ಸಂತಾನ ಅದು. ಅದರಲ್ಲೂ ಕೋಡ್ ಬರೆದು ಊರಿಗೆಲ್ಲ ಪುಕ್ಕಟೆ ಹಂಚುವ ಓಪನ್ ಸೋರ್ಸ್ ಮಂದಿಯನ್ನು ಕೇಳಲೇಬೇಡಿ. ಬಹಳಷ್ಟು ಜನಕ್ಕೆ ಸಂಬಳವಿಲ್ಲ, ಹಾಗಾಗಿ ಬಾಯಿಗೆ ಬೀಗವೂ ಇಲ್ಲ. ಇಂಥವರ ನಡುವೆ ಹೋಗಿ ಯಾರೋ ಪುಣ್ಯಾತ್ಮರು, "ಈ ಮಾಸ್ಟರ್, ಸ್ಲೇವ್ ಅನ್ನೋ ಮಾತು ಚೆನ್ನಾಗಿಲ್ಲ ಕಣ್ರಪ್ಪ, ಬೇರೆ ಹೆಸರಿಡೋಣ" ಅಂದರು. ಆಮೇಲೆ ಏನಾಯಿತು ಅಂತೀರಾ? ಆಗಬೇಕಾದ್ದೆಲ್ಲ ಆಯಿತು.

ಕಂಪ್ಯೂಟರ್ ಕಡೆ ತಲೆ ಹಾಕದವರಿಗೆ ಮೊದಲು ಎರಡು ಮಾತು. ಎರಡು ಯಂತ್ರಗಳಲ್ಲಿ ಒಂದು ಹೇಳುವುದು, ಇನ್ನೊಂದು ಕೇಳುವುದು ಅಂತ ಏರ್ಪಾಡಾದರೆ ಮೊದಲನೆಯದು ಮಾಸ್ಟರ್, ಎರಡನೆಯದು ಸ್ಲೇವ್. ಒಡೆಯ, ಗುಲಾಮ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಕಂಪ್ಯೂಟರ್ ಜೋಡಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಹಾರ್ಡ್ ಡಿಸ್ಕಿನ ಹಿಂಬದಿಯಲ್ಲಿ, ಅಗಲವಾದ ಬೂದುಬಣ್ಣದ ರಿಬ್ಬನ್ ಕೇಬಲ್ ಸಿಕ್ಕಿಸುವ ಜಾಗಕ್ಕೂ ಪವರ್ ಸಾಕೆಟ್ಟಿಗೂ ನಡುವೆ ಪುಟಾಣಿ ಪಿನ್ನುಗಳ ಸಾಲು. ಅದರ ಮೇಲೆ ಕೂರುವುದು ಜಂಪರ್ ಎಂಬ ಪ್ಲಾಸ್ಟಿಕ್ ಟೋಪಿ. ಬೆರಳಿಗೆ ಸಿಗುವುದಿಲ್ಲ, ಉಗುರಿಗೆ ನಿಲ್ಲುವುದಿಲ್ಲ, ಕೆಳಗೆ ಬಿದ್ದರೆ ಆ ಜನ್ಮದಲ್ಲಿ ಸಿಗುವುದಿಲ್ಲ. ಒಂದು ಡಿಸ್ಕಿನಲ್ಲಿ ಆ ಟೋಪಿಯನ್ನು ಎಂಎ ಎಂದು ಬರೆದ ಕಡೆ ಹಾಕಬೇಕು, ಇನ್ನೊಂದರಲ್ಲಿ ಎಸ್‌ಎಲ್ ಎಂದು ಬರೆದ ಕಡೆ. ಎರಡನ್ನೂ ಮಾಸ್ಟರ್ ಮಾಡಿದಿರೋ, ಕನ್ನಡ ಸಂಘಕ್ಕೆ ಇಬ್ಬರು ಅಧ್ಯಕ್ಷರು ಆರಿಸಿ ಬಂದ ಹಾಗೆ, ಸಭೆಯೇ ಶುರುವಾಗುತ್ತಿರಲಿಲ್ಲ.

ಇದರಲ್ಲಿ ಇನ್ನೂ ಒಂದು ಸ್ವಾರಸ್ಯ ಇದೆ. ಆ ಮಾಸ್ಟರ್ ಡಿಸ್ಕು ಸ್ಲೇವ್ ಡಿಸ್ಕಿಗೆ ಒಂದೇ ಒಂದು ಕೆಲಸವನ್ನೂ ಹೇಳುತ್ತಿರಲಿಲ್ಲ! ಎರಡಕ್ಕೂ ಅವುಗಳದೇ ಕಂಟ್ರೋಲರ್, ಅವುಗಳದೇ ಸಂಸಾರ. ಒಂದೇ ಕೇಬಲ್ಲಿನಲ್ಲಿರುವ ಇಬ್ಬರನ್ನು ಗುರುತು ಹಿಡಿಯುವುದಕ್ಕೆ ಮಾತ್ರ ಆ ಹೆಸರು. ಮುಂದೆ ಸ್ಟ್ಯಾಂಡರ್ಡ್ ಬರೆಯುವವರೇ ಡಿವೈಸ್ ಸೊನ್ನೆ, ಡಿವೈಸ್ ಒಂದು ಎಂದು ಕರೆದರು. ಅಷ್ಟು ವರ್ಷ ನಾವು ಸುಮ್ಮಸುಮ್ಮನೆ ಒಬ್ಬನಿಗೆ ಪೇಟ ಕಟ್ಟಿ ಇನ್ನೊಬ್ಬನ ಕೈಗೆ ಕೋಳ ತೊಡಿಸಿದ್ದೆವು.

ಈ ಹೆಸರು ಎಲ್ಲಿಂದ ಬಂತು ಎಂದು ರಾನ್ ಎಗ್ಲಾಶ್ ಎಂಬ ವಿದ್ವಾಂಸರು ಹುಡುಕಿಕೊಂಡು ಹೋದರು. ಅವರಿಗೆ ಸಿಕ್ಕಿದ್ದು 1904ರ ಒಂದು ಬರಹ. ಕೇಪ್‌ಟೌನಿನ ವೀಕ್ಷಣಾಲಯದಲ್ಲಿದ್ದ ಖಗೋಳಜ್ಞ ಡೇವಿಡ್ ಗಿಲ್, ಒಂದು ಗಡಿಯಾರ ಇನ್ನೊಂದನ್ನು ಅಂಕೆಯಲ್ಲಿಡುವ ವ್ಯವಸ್ಥೆಗೆ ಈ ಮಾತು ಬಳಸಿದ್ದರು. ದಕ್ಷಿಣ ಆಫ್ರಿಕಾದ ಆ ಊರಿನಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ನಿಂತದ್ದು 1834ರಲ್ಲಿ. ಕಾನೂನು ನಿಜವಾದ ಗುಲಾಮಗಿರಿಯನ್ನು ನಿಲ್ಲಿಸಿ ಎಪ್ಪತ್ತು ವರ್ಷ ಆದಮೇಲೆ ಗಡಿಯಾರಕ್ಕೆ ಆ ಪಟ್ಟ ಸಿಕ್ಕಿತು. ಅಲ್ಲಿಂದ ಮುಂದೆ ಬ್ರೇಕು, ಕ್ಲಚ್ಚು, ಕ್ಯಾಮೆರಾ ಫ್ಲ್ಯಾಶು, ಡಿಸ್ಕು, ಡೇಟಾಬೇಸು ಎಲ್ಲಕ್ಕೂ ಹಬ್ಬಿತು. ಇವತ್ತಿಗೂ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು "ಕ್ಲಚ್ ಸ್ಲೇವ್ ಸಿಲಿಂಡರ್ ಹೋಗಿದೆ ಸಾರ್" ಅಂದರೆ ನಾವು ಕೇಳುವುದು ಎಷ್ಟಾಗುತ್ತೆ ಅಂತ ಮಾತ್ರ.

ಸುದ್ದಿಯಾಗುವ ಹಾಗೆ "ಏನ್ರೀ ಇದು" ಅಂದದ್ದು ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯ ಒಬ್ಬ ನೌಕರರು. ಆಫೀಸಿನ ವಿಡಿಯೊ ಟೇಪ್ ಯಂತ್ರದ ಮೇಲೆ ಅಂಟಿಸಿದ್ದ ಮಾಸ್ಟರ್, ಸ್ಲೇವ್ ಚೀಟಿ ನೋಡಿ ದೂರು ಕೊಟ್ಟರು. 2003ರ ನವೆಂಬರಿನಲ್ಲಿ ಕೌಂಟಿಯವರು ತಮಗೆ ಸಾಮಾನು ಪೂರೈಸುವವರಿಗೆ, ದಯವಿಟ್ಟು ಈ ಮಾತು ಬಿಡಿ ಎಂದು ಪತ್ರ ಬರೆದರು. ಜಗತ್ತು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹತ್ತು ವರ್ಷ ನಗುತ್ತಲೇ ಇತ್ತು.

2014ರಲ್ಲಿ ಜ್ಯಾಂಗೋ ಎಂಬ ವೆಬ್ ಫ್ರೇಮ್‌ವರ್ಕಿನವರು ತಮ್ಮ ದಾಖಲೆಗಳಲ್ಲಿ ಮಾಸ್ಟರ್, ಸ್ಲೇವ್ ತೆಗೆದು ಮೊದಲು ಲೀಡರ್, ಫಾಲೋವರ್ ಅಂದರು, ಅದು ಸರಿಕಾಣದೆ ಪ್ರೈಮರಿ, ರೆಪ್ಲಿಕಾ ಎಂದು ತಿದ್ದಿದರು. ನಾಲ್ಕು ಸಾಲಿನ ಬದಲಾವಣೆ ಅನ್ನಿ. ಆದರೆ ಜ್ಯಾಂಗೋ ಎಂದರೇನು ಎಂದು ಗೊತ್ತಿಲ್ಲದವರೂ ಬಂದು ಅಲ್ಲಿ ಅಭಿಪ್ರಾಯ ಉದುರಿಸಿ ಹೋದರು. ಇದಕ್ಕೆ ಈ ಜನರಲ್ಲೇ ಒಂದು ಹೆಸರಿದೆ: ಬೈಕ್‌ಶೆಡ್ಡಿಂಗ್. ಪಾರ್ಕಿನ್‌ಸನ್ ಎಂಬ ಇಂಗ್ಲಿಷ್ ಲೇಖಕ 1957ರ ಪುಸ್ತಕದಲ್ಲಿ ಒಂದು ಸಮಿತಿಯ ಕಥೆ ಹೇಳುತ್ತಾನೆ. ಅಣುಸ್ಥಾವರದ ಯೋಜನೆ ಯಾರಿಗೂ ಅರ್ಥವಾಗದ್ದರಿಂದ ನಿಮಿಷಗಳಲ್ಲಿ ಪಾಸಾಗುತ್ತದೆ. ಸೈಕಲ್ ನಿಲ್ಲಿಸುವ ಶೆಡ್ಡಿನ ವಿಷಯ ಬಂದಾಗ ಪ್ರತಿಯೊಬ್ಬರಿಗೂ ಹೇಳುವುದಕ್ಕೆ ಏನಾದರೂ ಇರುತ್ತದೆ. 1999ರಲ್ಲಿ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಪೌಲ್-ಹೆನಿಂಗ್ ಕಾಂಪ್ ಈ ಕಥೆಯನ್ನು ತನ್ನ ಸಹೋದ್ಯೋಗಿಗಳ ಮುಖಕ್ಕೆ ಹಿಡಿದ. ಅಂದಿನಿಂದ ಪ್ರೋಗ್ರಾಮರುಗಳು ಬೈಕ್‌ಶೆಡ್ಡಿಂಗ್ ತಪ್ಪು ಎಂಬ ವಿಷಯದ ಮೇಲೂ ಗಂಟೆಗಟ್ಟಲೆ ಬೈಕ್‌ಶೆಡ್ಡಿಂಗ್ ಮಾಡುತ್ತಾರೆ.

2018 ಸ್ವಲ್ಪ ರಂಗಾದ ವರ್ಷ. ರೆಡಿಸ್ ಎಂಬ ಡೇಟಾಬೇಸ್ ಕಟ್ಟಿದವರು ಸಿಸಿಲಿಯ ಸಾಲ್ವತೋರೆ ಸ್ಯಾನ್‌ಫಿಲಿಪ್ಪೊ. ಅದರಲ್ಲಿ ಒಂದು ಸರ್ವರನ್ನು ಇನ್ನೊಂದರ ನಕಲಾಗಿ ಮಾಡಲು ಇದ್ದ ಕಮಾಂಡು ಸ್ಲೇವ್‌ಆಫ್. ಆ ನಕಲನ್ನು ಬಿಡಿಸಿ ಸ್ವತಂತ್ರ ಮಾಡಬೇಕಾದರೆ ಟೈಪ್ ಮಾಡಬೇಕಾದದ್ದು "ಸ್ಲೇವ್‌ಆಫ್ ನೋ ಒನ್". ಯಾರ ಗುಲಾಮನೂ ಅಲ್ಲ! ನಡುರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದು, ಕಣ್ಣುಜ್ಜಿಕೊಂಡು ಕೂತ ಬೆಂಗಳೂರಿನ ಹುಡುಗನೊಬ್ಬ ಆ ಸಾಲು ಒತ್ತಿ ಎಂಟರ್ ಹೊಡೆಯುವಾಗ ಅವನಿಗೂ ಒಂದು ಕ್ಷಣ ರೋಮಾಂಚನ ಆಗಿರಬೇಕು, ಬೆಳಗ್ಗೆ ಒಂಬತ್ತಕ್ಕೆ ಮ್ಯಾನೇಜರ್ ಫೋನ್ ಬರುವವರೆಗೆ. ಹೆಸರು ಬದಲಿಸಿ ಎಂಬ ಒತ್ತಾಯ ಬಂದಾಗ ಸ್ಯಾನ್‌ಫಿಲಿಪ್ಪೊಗೆ ಮನಸ್ಸಿರಲಿಲ್ಲ. ತನಗೇಕೆ ಇದು ಒಪ್ಪಿಗೆಯಿಲ್ಲ ಎಂದು ಉದ್ದಕ್ಕೆ ಬರೆದರು. ಬರೆದಾದ ಮೇಲೆ ಬದಲಿಸಿಯೂ ಬಿಟ್ಟರು. ರೆಡಿಸ್ 5ರಿಂದ ರೆಪ್ಲಿಕಾಆಫ್. ಹಳೆಯ ಕಮಾಂಡನ್ನೂ ಹಾಗೇ ಉಳಿಸಿದರು, ಯಾರ ಸ್ಕ್ರಿಪ್ಟೂ ಮುರಿಯಲಿಲ್ಲ. ಈಗ ಆ ಬಿಡುಗಡೆಯ ಮಂತ್ರ "ರೆಪ್ಲಿಕಾಆಫ್ ನೋ ಒನ್". ಯಾರ ನಕಲೂ ಅಲ್ಲ. ಮೊದಲ ಸಂಕಲನ ತಂದ ಕವಿಗೆ ಹಿರಿಯರು ಬರೆದುಕೊಡುವ ಬೆನ್ನುಡಿ ಇದು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೋಡಿನಿಂದ ಈ ಪದಗಳನ್ನು ತೆಗೆಯೋಣ ಎಂದು ವಿಕ್ಟರ್ ಸ್ಟಿನ್ನರ್ ಎತ್ತಿದ ಮಾತು ಗಲಾಟೆಗೆ ತಿರುಗಿತು. ಕೊನೆಗೆ ಪಂಚಾಯಿತಿ ಮಾಡಿದವರು ಗೀಡೊ ವ್ಯಾನ್ ರಾಸಮ್, ಪೈಥಾನಿನ ಜನಕ. ಆ ಸಮುದಾಯದಲ್ಲಿ ಅವರಿಗಿದ್ದ ಬಿರುದೇನು ಗೊತ್ತೇ? ಆಜೀವ ದಯಾಳು ಸರ್ವಾಧಿಕಾರಿ! ಎರಡೇ ತಿಂಗಳ ಹಿಂದೆ, ಜುಲೈನಲ್ಲಿ, ಸಾಕಪ್ಪಾ ಸಾಕು ಎಂದು ಆ ಪಟ್ಟ ಬಿಟ್ಟಿದ್ದರು. ಮಾಸ್ಟರ್ ಇರಬೇಕೋ ಹೋಗಬೇಕೋ ಎಂದು ತೀರ್ಪು ಕೊಡುವುದಕ್ಕೆ ನಿವೃತ್ತ ಸರ್ವಾಧಿಕಾರಿಯನ್ನೇ ಮನೆಯಿಂದ ಕರೆಸಬೇಕಾಯಿತು. ತೀರ್ಪು ಮಾತ್ರ ನ್ಯಾಯವಾಗಿಯೇ ಇತ್ತು. ನಮ್ಮ ಮನೆಯ ಪದಗಳನ್ನು ಬದಲಿಸೋಣ, ಆದರೆ ಟರ್ಮಿನಲ್ಲಿಗೆ ಸಂಬಂಧಿಸಿದ್ದು ಯೂನಿಕ್ಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್ಮಿನವರ ಪದ, ಅದನ್ನು ಮುಟ್ಟುವುದು ಬೇಡ.

ಯೂನಿಕ್ಸ್ ಅಂದ ತಕ್ಷಣ ವಿರೋಧಿಗಳಿಗೆ ಹುರುಪು ಬರುತ್ತದೆ. "ಸರಿ, ಸ್ಲೇವ್ ಬೇಡ. ಮಿಕ್ಕಿದ್ದು?" ಅವರು ಹೇಳುವುದರಲ್ಲೂ ಮಜಾ ಇದೆ. ಯೂನಿಕ್ಸಿನಲ್ಲಿ ಓಡುತ್ತಿರುವ ಪ್ರೋಗ್ರಾಮಿಗೆ ಪ್ರೋಸೆಸ್ಸು ಎನ್ನುತ್ತಾರೆ. ತಂದೆಪ್ರೋಸೆಸ್ಸು ಮಕ್ಕಳನ್ನು ಹಡೆಯುತ್ತದೆ, ಬೇಡವಾದಾಗ ಕಿಲ್ ಎಂಬ ಕಮಾಂಡಿನಿಂದ ಕೊಲ್ಲುತ್ತದೆ. ಸತ್ತ ಮಗುವಿನ ಲೆಕ್ಕ ಬರೆದುಕೊಳ್ಳಲು ತಂದೆ ಬರದಿದ್ದರೆ ಅದು ಜೋಂಬಿ. ತಂದೆಯೇ ಮೊದಲು ಸತ್ತರೆ ಮಗು ಆರ್ಫನ್, ಅದನ್ನು ಒಂದನೇ ನಂಬರಿನ ಇನಿಟ್ ದತ್ತು ತೆಗೆದುಕೊಳ್ಳುತ್ತದೆ. ಹಿನ್ನೆಲೆಯಲ್ಲಿ ಓಡಾಡುವವೆಲ್ಲ ಡೀಮನ್‌ಗಳು. ಯಾವ ಮೆಗಾ ಸೀರಿಯಲ್ಲಿಗೂ ಕಡಿಮೆಯಿಲ್ಲ. ಇದನ್ನೆಲ್ಲ ಯಾವಾಗ ತಿದ್ದುತ್ತೀರಿ ಎಂಬುದು ಅವರ ಪ್ರಶ್ನೆ. ನನ್ನನ್ನು ಕೇಳಿದರೆ, ತಿದ್ದಬೇಕಾಗಿಲ್ಲ. ಆ ಮಾತು ನಮ್ಮ ತಾತನಿಗೆ ಅಂಟಿತ್ತು ಎಂದು ಹೇಳಲು ಯಾವ ಜೋಂಬಿಯ ಮೊಮ್ಮಗನೂ ಆಫೀಸಿಗೆ ಬರುವುದಿಲ್ಲ. ಗುಲಾಮರಾಗಿ ಹರಾಜಾದವರ ಮರಿಮಕ್ಕಳಾದರೋ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾರೆ.

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸನ ಮೊಣಕಾಲಿನ ಕೆಳಗೆ ಜಾರ್ಜ್ ಫ್ಲಾಯ್ಡ್ ಸತ್ತರು. ಅಮೆರಿಕದ ಬೀದಿಗಳು ತುಂಬಿದವು. ಅಲ್ಲಿಯವರೆಗೆ ಮೂಲೆಯಲ್ಲಿದ್ದ ಈ ಚರ್ಚೆ ಒಂದೇ ತಿಂಗಳಲ್ಲಿ ನಡುಮನೆಗೆ ಬಂತು. ಹ್ಯೂಸ್ಟನ್ನಿನ ಮನೆದಲ್ಲಾಳಿಗಳ ಸಂಘ ಮಾಸ್ಟರ್ ಬೆಡ್‌ರೂಮನ್ನೇ ಪ್ರೈಮರಿ ಬೆಡ್‌ರೂಮ್ ಮಾಡಿತು. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಸಾಧನ ಗಿಟ್, ಆ ಕೋಡನ್ನು ಇಟ್ಟುಕೊಳ್ಳುವ ತಾಣ ಗಿಟ್‌ಹಬ್. ಅದರ ಆಗಿನ ಮುಖ್ಯಸ್ಥ ನ್ಯಾಟ್ ಫ್ರೀಡ್‌ಮನ್, ಇನ್ನು ಮುಂದೆ ಕೋಡಿನ ಮೊದಲ ಬ್ರಾಂಚಿಗೆ, ಅಂದರೆ ಕವಲಿಗೆ, ಮಾಸ್ಟರ್ ಎಂಬ ಹೆಸರು ಇರುವುದಿಲ್ಲ ಎಂದರು. ಅಕ್ಟೋಬರ್ 1ರಿಂದ ಅಲ್ಲಿ ಹೊಸದಾಗಿ ತೆರೆದ ಪ್ರತಿ ರೆಪೊಸಿಟರಿಯಲ್ಲೂ, ಅಂದರೆ ಕೋಡಿನ ಕಣಜದಲ್ಲೂ, ಮೇನ್.

ಇಲ್ಲಿ ಶುರುವಾಯಿತು ನೋಡಿ ನಮ್ಮ ಮಕ್ಕಳ ಗೋಳು. ಇಂಜಿನಿಯರಿಂಗ್ ಕೊನೆಯ ವರ್ಷದ ಹುಡುಗಿ, ನಾಳೆ ಬೆಳಗ್ಗೆ ಪ್ರಾಜೆಕ್ಟು ಒಪ್ಪಿಸಬೇಕು. ಅವಳ ಲ್ಯಾಪ್‌ಟಾಪಿನ ಗಿಟ್ಟಿಗೆ ಮಾಸ್ಟರ್ ಮಾತ್ರ ಗೊತ್ತು. ಗಿಟ್‌ಹಬ್ಬಿಗೆ ಮೇನ್ ಮಾತ್ರ ಗೊತ್ತು. ಸೀನಿಯರ್ ಕೊಟ್ಟ ನೋಟ್ಸಿನಲ್ಲಿ ಪುಶ್ ಒರಿಜಿನ್ ಮಾಸ್ಟರ್ ಎಂದಿದೆ. ಒತ್ತಿದರೆ ಕೋಡು ಮಾಸ್ಟರ್ ಎಂಬ ಇನ್ನೊಂದು ಬ್ರಾಂಚಿಗೆ ಹೋಗಿ ಕೂರುತ್ತದೆ, ಗೈಡು ತೆರೆದು ನೋಡುವ ಮೇನ್‌ನಲ್ಲಿ ಬರೀ ಒಂದು ರೀಡ್‌ಮಿ. ಎರಡನ್ನೂ ಕೂಡಿಸೋಣವೆಂದರೆ "ಅನ್‌ರಿಲೇಟೆಡ್ ಹಿಸ್ಟರೀಸ್", ನಿಮ್ಮಿಬ್ಬರ ಚರಿತ್ರೆಗೆ ಸಂಬಂಧವೇ ಇಲ್ಲ ಎಂದು ಗಿಟ್ ಕೈ ಚೆಲ್ಲುತ್ತದೆ. ವರ್ಣಭೇದದ ವಿರುದ್ಧದ ಹೋರಾಟದಲ್ಲಿ ನೀನೂ ಭಾಗಿಯಾಗಿದ್ದೀಯೆ ಎಂದು ಆ ಹೊತ್ತಿನಲ್ಲಿ ಆ ಹುಡುಗಿಗೆ ಯಾರು ಹೇಳಬೇಕು?

ಪುತ್ತೂರಿನ ಕಡೆಯ ಗೆಳೆಯರೊಬ್ಬರು ನಮ್ಮ ಕ್ಯಾಂಟೀನಿನಲ್ಲಿ ಈ ವಿಷಯ ಎತ್ತಿದರೆ ಚಹಾ ಆರಿಹೋಗುವವರೆಗೆ ನಿಲ್ಲಿಸುವುದಿಲ್ಲ. "ಅಲ್ಲ ಮಾರಾಯ್ರೆ, ಮಾಸ್ಟರ್ ಅಂದ್ರೆ ನಮಗೆ ಶಾಲೆಯ ಮಾಷ್ಟ್ರು. ಅವರು ಎಂತ ಮಾಡಿದ್ದಾರೆ ಪಾಪ? ಗಿಟ್ಟಿನಲ್ಲಿ ಸ್ಲೇವ್ ಅಂತ ಒಂದು ಇದೆಯಾ? ಇಲ್ಲವಲ್ಲ!" ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ನಮ್ಮಲ್ಲಿ ಮಾಸ್ಟರ್ ಅನ್ನುವವರು ಪಾಠ ಹೇಳುವ ಮೇಷ್ಟ್ರು, ಅಳತೆ ತೆಗೆಯುವ ಟೈಲರ್, ಹೊಡೆದಾಟ ಕಲಿಸುವ ಸ್ಟಂಟ್ ಮಾಸ್ಟರ್, ನಾಟಕದ ಹಿರಣ್ಣಯ್ಯ, ಬಾಲನಟ ಲೋಹಿತ್. ಕೈಯಲ್ಲಿ ಬೆತ್ತ ಇದ್ದೀತು, ಚಾಟಿ ಇರಲಿಲ್ಲ. ಗಿಟ್ಟಿನಲ್ಲಿ ಸ್ಲೇವ್ ಇಲ್ಲ ಎಂಬುದೂ ನಿಜವೇ. ಆದರೆ ಗಿಟ್ ಹುಟ್ಟುವ ಮುಂಚೆ ಲಿನಕ್ಸ್‌ನವರು ಬಳಸುತ್ತಿದ್ದ ಬಿಟ್‌ಕೀಪರ್‌ನ ದಾಖಲೆಗಳಲ್ಲಿ ಎರಡೂ ಪದ ಇದ್ದವು ಎಂದು ತೋರಿಸಿಕೊಟ್ಟವರಿದ್ದಾರೆ. ಹಾಗಾಗಿ ಗೆಳೆಯರಿಗೆ ನಾನು ಹೇಳುವುದು ಇಷ್ಟೆ: ನಮ್ಮ ಕಿವಿಗೆ ಚುಚ್ಚದ ಮಾತು ಯಾರ ಕಿವಿಗೂ ಚುಚ್ಚಬಾರದು ಅಂದರೆ ಹೇಗೆ? ಅವರು ಆರಿದ ಚಹಾ ಕುಡಿದು, "ಆದರೂ ಮಾಷ್ಟ್ರನ್ನು ಓಡಿಸಬಾರದಿತ್ತು" ಅನ್ನುತ್ತಾರೆ.

ಎಲ್ಲರಿಗಿಂತ ಕಡಿಮೆ ಸದ್ದಿನಲ್ಲಿ ಮುಗಿಸಿದ್ದು, ನಂಬುತ್ತೀರೋ ಇಲ್ಲವೋ, ಬೈಗುಳಕ್ಕೆ ಹೆಸರಾದ, ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್. ಅದೇ 2020ರ ಜುಲೈ ಮೊದಲ ವಾರ, ಲಿನಕ್ಸಿಗೆ ಕೋಡ್ ಬರೆಯುವ ಡ್ಯಾನ್ ವಿಲಿಯಮ್ಸ್ ಈ ಪದಗಳನ್ನು ಬಿಡೋಣ ಎಂಬ ಪ್ರಸ್ತಾವ ಇಟ್ಟರು. ಲಿನಕ್ಸ್ ಕರ್ನಲ್ಲಿನ ಬರವಣಿಗೆಯ ನಿಯಮಗಳಿಗೆ ಅದು ವಾರದೊಳಗೆ ಸೇರಿತು. ಹೊಸ ಕೋಡಿನಲ್ಲಿ ಮಾಸ್ಟರ್-ಸ್ಲೇವ್, ಬ್ಲ್ಯಾಕ್‌ಲಿಸ್ಟ್-ವೈಟ್‌ಲಿಸ್ಟ್ ಬೇಡ. ಬಳಕೆದಾರರು ನೆಚ್ಚಿಕೊಂಡಿರುವ ಹಳೆಯ ಇಂಟರ್ಫೇಸಿನಲ್ಲಿದ್ದರೆ ಇರಲಿ, ಹಾರ್ಡ್‌ವೇರಿನ ಹಳೆಯ ಸ್ಪೆಸಿಫಿಕೇಷನ್ ಕೇಳಿದರೆ ಇರಲಿ. ಬದಲಿಗೆ ಏನೆನ್ನಬಹುದು ಎಂದು ಒಂದು ಮೂಟೆ ಪರ್ಯಾಯಗಳನ್ನೂ ಕೊಟ್ಟರು. ಅದರಲ್ಲಿ ಡೈರೆಕ್ಟರ್-ಪರ್ಫಾರ್ಮರ್ ಕೂಡ ಉಂಟು. ಡ್ರೈವರ್ ಬರೆಯುವವರಲ್ಲಿ ನಾಟಕದ ಹುಚ್ಚಿನವರು ಯಾರೋ ಇದ್ದಾರೆ.

ಈ ಮೂಟೆಯಿಂದಲೇ ಹೊಸ ತಾಪತ್ರಯ. ಒಂದು ಹೆಸರನ್ನು ಓಡಿಸುವುದು ಸುಲಭ, ಆ ಜಾಗಕ್ಕೆ ಒಂದೇ ಹೆಸರನ್ನು ತರುವುದು ಬ್ರಹ್ಮನಿಂದಲೂ ಆಗದು. ಡೇಟಾ ಇಡುವ ತಂತ್ರಾಂಶಗಳನ್ನೇ ನೋಡಿ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರೈಮರಿ, ಸ್ಟ್ಯಾಂಡ್‌ಬೈ. ಮಾಂಗೋಡಿಬಿಯಲ್ಲಿ ಪ್ರೈಮರಿ, ಸೆಕೆಂಡರಿ. ಕಾಫ್ಕಾದಲ್ಲಿ ಲೀಡರ್, ಫಾಲೋವರ್. ಮೈಎಸ್‌ಕ್ಯೂಎಲ್‌ನಲ್ಲಿ ಸೋರ್ಸ್, ರೆಪ್ಲಿಕಾ. ರೆಡಿಸ್‌ನಲ್ಲಿ ಗುಲಾಮ ಹೋಗಿ ರೆಪ್ಲಿಕಾ ಬಂದರೂ ಮಾಸ್ಟರ್ ಮಾತ್ರ ಕುರ್ಚಿ ಬಿಡಲಿಲ್ಲ. ಆಳು ಬಿಟ್ಟುಹೋದ ಮೇಲೂ ಗತ್ತು ಬಿಡದ ಜಮೀನ್ದಾರ. ಐದೂ ಬಳಸುವ ಕಂಪನಿಗೆ ಕೆಲಸಕ್ಕೆ ಸೇರಿದವನು ಮೊದಲ ವಾರ ನೆಂಟರ ಮನೆಯ ಮದುವೆಗೆ ಬಂದವನಂತೆ ಯಾರು ಯಾರಿಗೆ ಏನಾಗಬೇಕು ಎಂದು ಕೇಳಿಕೊಂಡೇ ತಿರುಗಬೇಕು.

ಇನ್ನು ಅತ್ಯುತ್ಸಾಹಿಗಳ ಕಥೆ ಬೇರೆ. ಹುಡುಕು, ಬದಲಿಸು ಎಂದು ಒಂದೇ ಕಮಾಂಡಿನಲ್ಲಿ ಎಲ್ಲ ಮಾಸ್ಟರನ್ನೂ ಮೇನ್ ಮಾಡಲು ಹೊರಟರೆ ಪೋಸ್ಟ್‌ಮಾಸ್ಟರ್ ಕೂಡ ಪೋಸ್ಟ್‌ಮೇನ್ ಆಗಿ, ಇಲಾಖೆಯ ವಿಚಾರಣೆಯಿಲ್ಲದೆ ಹಿಂಬಡ್ತಿ ಪಡೆಯುತ್ತಾರೆ. ನಗಬೇಡಿ, ಪೋಸ್ಟ್‌ಗ್ರೆಸ್‌ನ ತಾಯಿಪ್ರೋಸೆಸ್ಸಿನ ಹೆಸರು ಪೋಸ್ಟ್‌ಮಾಸ್ಟರ್ ಅಂತಲೇ.

ಬ್ಲ್ಯಾಕ್‌ಲಿಸ್ಟಿನ ವಿಷಯದಲ್ಲಿ ನಾನು ಬದಲಾವಣೆಯ ಕಡೆ, ಅದೂ ಸೋಮಾರಿತನದ ಕಾರಣಕ್ಕೆ. ಅದರ ಬದಲಿಗೆ ಬಂದ ಅಲೋಲಿಸ್ಟ್ ಅಂದರೆ ಒಳಗೆ ಬಿಡುವವರ ಪಟ್ಟಿ, ಡಿನೈಲಿಸ್ಟ್ ಅಂದರೆ ಬಾಗಿಲಲ್ಲೇ ತಡೆಯುವವರ ಪಟ್ಟಿ. ಹೊಸಬರಿಗೆ ಬಣ್ಣದ ಅರ್ಥ ವಿವರಿಸುತ್ತ ಕೂರಬೇಕಾಗಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ ಫ್ಲಾಯ್ಡ್ ಸಾಯುವ ಮುಂಚೆಯೇ, ಅದೇ ವರ್ಷ, ಈ ಬದಲಾವಣೆ ಮಾಡಿಕೊಂಡಿತ್ತು. ಇದು ಅತಿಯಾಯಿತು ಎಂದು ನಮಗೆ ಬರೆಯುವವರಿದ್ದರೆ ದಯವಿಟ್ಟು ಬರೆಯಬೇಡಿ ಎಂಬರ್ಥದ ಟಿಪ್ಪಣಿಯನ್ನೂ ಜೊತೆಗೆ ಹಾಕಿತ್ತು. ಜಗಳ ತಪ್ಪಿಸುವ ಆ ಜಾಣ್ಮೆ ನನಗೆ ಹೆಸರಿಗಿಂತ ಹೆಚ್ಚು ಇಷ್ಟವಾಯಿತು.

ಆದರೆ ಹೆಸರು ಬದಲಿಸಿ ಹಾರ ಹಾಕಿಸಿಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ. 2019ರಲ್ಲಿ ಗಿಟ್‌ಹಬ್ಬಿನ ನೌಕರರೇ, ವಲಸಿಗರನ್ನು ಹಿಡಿದು ಗಡೀಪಾರು ಮಾಡುವ ಅಮೆರಿಕದ ಐಸ್ ಇಲಾಖೆಯ ಜೊತೆಗಿನ ವ್ಯಾಪಾರ ಬಿಡಿ ಎಂದು ಪತ್ರ ಬರೆದು ಕೇಳಿಕೊಂಡರು. ಕಂಪನಿ ಬಿಡಲಿಲ್ಲ. ಮರುವರ್ಷ ಬ್ರಾಂಚಿನ ಹೆಸರು ಮಾತ್ರ ಬಿಟ್ಟಿತು. 2020ರ ನವೆಂಬರಿನಲ್ಲಿ ದೊಡ್ಡ ಕಂಪನಿಗಳು ಸೇರಿ ಇನ್‌ಕ್ಲೂಸಿವ್ ನೇಮಿಂಗ್ ಇನಿಷಿಯೇಟಿವ್ ಎಂಬ ನಾಮಕರಣ ಮಂಡಳಿ ಕಟ್ಟಿದವು. ಸ್ಥಾಪಕರ ಸಾಲಿನಲ್ಲಿ ಸಿಸ್ಕೋ ಇತ್ತು. ಅದೇ ವರ್ಷದ ಜೂನ್ 30ರಂದು ಕ್ಯಾಲಿಫೋರ್ನಿಯಾ ಸರ್ಕಾರದ ಇಲಾಖೆ ಸಿಸ್ಕೋ ಮೇಲೆ ಮೊಕದ್ದಮೆ ಹೂಡಿತ್ತು. ದಲಿತ ಇಂಜಿನಿಯರ್ ಒಬ್ಬರಿಗೆ ಅವರ ಭಾರತೀಯ ಮೇಲಧಿಕಾರಿಗಳು ಜಾತಿ ತಾರತಮ್ಯ ಮಾಡಿದರು ಎಂಬುದು ಆರೋಪ. ಕಂಪನಿ ಅದನ್ನು ಅಲ್ಲಗಳೆಯಿತು. ಇಬ್ಬರು ಮೇಲಧಿಕಾರಿಗಳ ಮೇಲಿನ ಪ್ರಕರಣವನ್ನು ಇಲಾಖೆ 2023ರಲ್ಲಿ ಕೈಬಿಟ್ಟಿತು, ಕಂಪನಿಯ ಮೇಲಿನದನ್ನು ಬಿಡಲಿಲ್ಲ. ಸತ್ಯ ಯಾವ ಕಡೆಗಿದೆ ಎಂದು ಹೇಳಬೇಕಾದವರು ನ್ಯಾಯಾಧೀಶರು. ನಾನು ಹೇಳುವುದು ಬೇರೆ. ಮಾಸ್ಟರ್, ಸ್ಲೇವ್ ನಮಗೇನು ಸಂಬಂಧ ಎಂದು ಚಹಾ ಕುಡಿಯುತ್ತ ನಕ್ಕ ನಾವು, ಆ ಬೇಸಿಗೆಯಲ್ಲಿ ಅಮೆರಿಕದ ಕೋರ್ಟಿನಲ್ಲಿ ನಮ್ಮದೇ ಸರಕು ಬಿಚ್ಚಿಕೊಂಡದ್ದನ್ನು ನೋಡಿದೆವು. ಊಟದ ಮೇಜಿನಲ್ಲಿ "ನಿಮ್ಮ ಪೂರ್ತಿ ಹೆಸರೇನು?" ಎಂದು ಮೆತ್ತಗೆ ಕೇಳುವುದನ್ನು ಯಾವ ಗ್ರೆಪ್ ಕಮಾಂಡೂ ಹುಡುಕಿಕೊಡುವುದಿಲ್ಲ.

ಹಾಗಂತ ಹೆಸರು ಬದಲಿಸುವುದೇ ದಂಡ ಎಂದು ವಾದಿಸುವವರ ಪಂಗಡಕ್ಕೂ ನಾನು ಸೇರುವುದಿಲ್ಲ. "ಬರೀ ಒಂದು ಪದ, ಅದಕ್ಕೇಕೆ ಇಷ್ಟು ರಾದ್ಧಾಂತ" ಎಂದವರೇ ಆ ಬರೀ ಪದವನ್ನು ಉಳಿಸಿಕೊಳ್ಳಲು ರಾತ್ರಿಯೆಲ್ಲ ನಿದ್ದೆಗೆಟ್ಟು ಟೈಪಿಸಿದ್ದನ್ನು ನೋಡಿದ್ದೇನೆ. ಬರೀ ಪದವಾದರೆ ಬಿಟ್ಟುಕೊಡಿ ಸ್ವಾಮಿ, ಗಂಟೇನು ಹೋಗುತ್ತೆ? ಬದಲಿಸುವವರು ಸ್ಯಾನ್‌ಫಿಲಿಪ್ಪೊ ಮಾಡಿದ ಹಾಗೆ ಹಳೆಯ ಬಾಗಿಲನ್ನು ಒಂದಷ್ಟು ಕಾಲ ತೆರೆದಿಡಿ, ಬೇರೆಯವರ ರಾತ್ರಿ ಹಾಳು ಮಾಡಬೇಡಿ. ಕೆಲಸ ಮುಗಿದ ಮೇಲೆ ಪತ್ರಿಕಾಗೋಷ್ಠಿ ಬೇಡ.

ಕಾಲ ತನ್ನ ಪಾಡಿಗೆ ತೀರ್ಮಾನ ಮಾಡಿಯಾಗಿದೆ. 2024ರಲ್ಲಿ ಬಂದ ಮೈಎಸ್‌ಕ್ಯೂಎಲ್ 8.4ರಲ್ಲಿ ಸ್ಟಾರ್ಟ್ ಸ್ಲೇವ್ ಎಂದು ಒತ್ತಿದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಗಿಟ್ಟಿನವರು ಮುಂದಿನ ದೊಡ್ಡ ಆವೃತ್ತಿ 3.0ರಿಂದ ತಾವೂ ಮೇನ್ ಎನ್ನುತ್ತಾರಂತೆ. ಅಲ್ಲಿಯವರೆಗೆ ಹೊಸ ಪ್ರಾಜೆಕ್ಟು ತೆರೆದಾಗಲೆಲ್ಲ ಪರದೆ ತುಂಬ ಅದೇ ಹಳದಿ ಬುದ್ಧಿಮಾತು ಓದಿಕೊಂಡು ಕೂರುವ ಕರ್ಮ ನಿಮಗೇಕೆ? ಗಿಟ್ ಕಾನ್ಫಿಗ್‌ನಲ್ಲಿ ಇನಿಟ್ ಡಾಟ್ ಡೀಫಾಲ್ಟ್‌ಬ್ರಾಂಚ್ ಎಂಬ ಸೆಟ್ಟಿಂಗ್ ಇದೆ, 2020ರ ಜುಲೈನಿಂದಲೂ ಇದೆ. ಇವತ್ತೇ ಒಂದು ಸಾಲು ಟೈಪ್ ಮಾಡಿ ಅದನ್ನು ಮೇನ್ ಮಾಡಿಬಿಡಿ. ಪುತ್ತೂರಿನ ಗೆಳೆಯರ ಲ್ಯಾಪ್‌ಟಾಪಿನಲ್ಲಿ ನಾನೇ ಮಾಡಿಕೊಟ್ಟಿದ್ದೇನೆ, ಅವರಿಗೆ ಹೇಳಬೇಡಿ.